ಬಾಯಲ್ಲಿಟ್ಟ ಲವಂಗ

ನನ್ನ ಅಬ್ಬಾ ಅಹಮದಸಾಬ ಧಾರವಾಡದಲ್ಲಿ ಕಲಾಯಿ ಹಾಕುವವನು. ತಾಮ್ರ, ಹಿತ್ತಾಳೆಯ ಪಾತ್ರೆಗೆ ಒಳಗಿನಿಂದ ತವರ ಬಳಿಯದಿದ್ದರೆ ಅದರಲ್ಲಿ ಕುದಿಸಿದ ಹುಳಿ ಕಿಲುಬುಗಟ್ಟಿ, ಉಂಡವರೆಲ್ಲ ಹೊಟ್ಟೆ ಹಿಡಿದುಕೊಂಡು ಕೂರಬೇಕಾಗುತ್ತದೆ. ಹಾಗಾಗಿ ವಕೀಲರ ಮನೆಯಿಂದ ಹಿಡಿದು ಖಾನಾವಳಿಯವರೆಗೆ ಎಲ್ಲರಿಗೂ ಅಬ್ಬಾ ಬೇಕಾದವನು. ತಾನು ಬೇಕಾದವನು ಎಂಬುದನ್ನು ಅವನು ಒಂದು ದಿನವೂ ಮರೆತವನಲ್ಲ. ರುಮಾಲು ಬಿಗಿಯಾಗಿ ಸುತ್ತಿ, ಗಾಳಿಯೂದುವ ತೊಗಲಿನ ತಿದಿಯನ್ನು ಹೆಗಲಿಗೆ ಹಾಕಿ, ಓಣಿಯ ಬಾಯಿಗೆ ನಿಂತು "ಕಲಾಯೀ ಹಾಕಸ್ರೆವ್ವಾ, ಕಲಾಯೀ" ಎಂದು ಒಮ್ಮೆ ಕೂಗಿದರೆ ಸಾಕು, ಆಚೆ ಓಣಿಯ ಹೆಂಗಸರೂ ಪಾತ್ರೆ ಹುಡುಕತೊಡಗುತ್ತಿದ್ದರು.

ಅವನ ಹಿಂದೆ ಇದ್ದಲಿಯ ಚೀಲ ಹೊತ್ತು ಬರುತ್ತಿದ್ದವನು ಮಕಬೂಲ ಕಾಕಾ, ಅಬ್ಬಾನ ಒಬ್ಬನೇ ತಮ್ಮ. ಯಾರದಾದರೂ ಅಂಗಳದಲ್ಲಿ ಅಬ್ಬಾ ಸಣ್ಣ ಕುಣಿ ತೋಡಿ ಬೆಂಕಿ ಹೂಡುವಷ್ಟರಲ್ಲಿ ಕಾಕಾ ಪಾತ್ರೆ ತಿಕ್ಕಿ ಕೊಡಬೇಕು. ದೊಡ್ಡ ಹಂಡೆಯಾದರೆ ಒಳಗೆ ಉಸುಕು, ತೆಂಗಿನ ನಾರು ಹಾಕಿ, ಬರಿಗಾಲಲ್ಲಿ ಅದರೊಳಗೆ ಇಳಿದು, ಗೋಡೆ ಹಿಡಿದು, ಸೊಂಟವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತ ಕಾಲಿನಿಂದಲೇ ತಿಕ್ಕುತ್ತಿದ್ದ. ಮಕ್ಕಳು ಕುಣಿತವೆಂದು ನೋಡಲು ಬರುತ್ತಿದ್ದರು. ಕಾಕಾ ಯಾರನ್ನೂ ನೋಡುತ್ತಿರಲಿಲ್ಲ. ಹಂಡೆ ಹೊಳೆಯುವವರೆಗೂ ತಿರುಗುತ್ತಿದ್ದ, ಆಮೇಲೆ ಹೊರಗೆ ಬಂದು ಕಾಲು ತೊಳೆದುಕೊಳ್ಳುತ್ತಿದ್ದ.

ಕಾಕಾನಿಗೆ ಯಾರಿಗೂ ಕೇಳದ ದನಿಗಳು ಕೇಳಿಸುತ್ತಿದ್ದವು. ನಾನು ಹುಟ್ಟುವ ಮುಂಚೆ, ಊರಲ್ಲಿ ದೊಡ್ಡ ಜ್ವರ ಬಂದು ಹೋದ ಮರುವರ್ಷ ಅದು ಶುರುವಾಯಿತಂತೆ. ಆಗ ಅವನಿಗೆ ಇಪ್ಪತ್ತೆರಡು. ಮೊದಲು ಊಟದಲ್ಲಿ ವಿಷ ಇದೆ ಎಂದ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತವನು ತಿಂಗಳುಗಟ್ಟಲೆ ಏಳಲಿಲ್ಲ. ತಾಯಿತ ಕಟ್ಟಿಸಿದರು, ದರ್ಗಾಕ್ಕೆ ಕರೆದೊಯ್ದರು, ಕೊನೆಗೆ ಊರಿನ ಹುಚ್ಚರ ದವಾಖಾನೆಗೆ ಸೇರಿಸಿದರು. ಮೂರು ವರ್ಷ ಅಲ್ಲಿದ್ದು, ಎದ್ದು ಓಡಾಡುವಷ್ಟಾಗಿ, ೧೯೨೩ರಲ್ಲಿ ಮನೆಗೆ ಬಂದ. ದನಿಗಳೂ ಅವನ ಜೊತೆಗೇ ಬಂದವು.

ಒಬ್ಬಾಕೆ ಬೈಯುತ್ತಿದ್ದಳು. ಒಬ್ಬ ಗಂಡಸು ಕಾಕಾ ಮಾಡಿದ್ದನ್ನೆಲ್ಲ ಒಂದೂ ಬಿಡದೆ ಹೇಳುತ್ತಿದ್ದ: ಈಗ ಮಕಬೂಲ ಎದ್ದ, ಈಗ ಚಹಾ ಕುಡಿದ, ಈಗ ಕೆಮ್ಮಿದ. ಕಾಕಾ ಅವರನ್ನು "ಅವರು" ಎಂದಷ್ಟೇ ಕರೆಯುತ್ತಿದ್ದ. ಸಣ್ಣವಳಿದ್ದಾಗ ನಾನೊಮ್ಮೆ ಕೇಳಿದ್ದೆ.

"ಕಾಕಾ, ಅವರು ನನ್ನ ಬಗ್ಗೆ ಏನರ ಅಂತಾರೇನು?"

ಅವನು ತುಸು ಹೊತ್ತು ಕಿವಿಗೊಟ್ಟು ಕೇಳಿ, "ಇಲ್ಲವ್ವ ಮೈಮುನಾ, ಅವರಿಗೆ ನಂದ ಒಂದ ಚಿಂತಿ" ಎಂದ. ನನಗೆ ಬೇಜಾರಾಯಿತು.

ಮನೆಯಲ್ಲಿ ನಮ್ಮ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಬ್ಬಾ ಇದ್ದಿದ್ದರೆ ಅದಕ್ಕೂ ಒಂದು ತಕರಾರು ತೆಗೆಯುತ್ತಿದ್ದ.

ಏಕೆಂದರೆ ಅಬ್ಬಾನಿಗೆ ಎಲ್ಲಕ್ಕಿಂತ ದೊಡ್ಡದು ಮಾನ. ಕಾಕಾನ ರೋಗಕ್ಕಿಂತ ಕಾಕಾನ ತುಟಿಗಳ ಚಿಂತೆಯೇ ಅವನನ್ನು ಹೆಚ್ಚು ಕಾಡುತ್ತಿತ್ತು. ಬೀದಿಯಲ್ಲಿ ನಡೆಯುವಾಗ ಕಾಕಾ ಆ ದನಿಗಳಿಗೆ ಮಾರುತ್ತರ ಕೊಡಲು ಬಾಯಿ ತೆರೆದರೆ, ಹುಚ್ಚನ ಕೈಗೆ ಪಾತ್ರೆ ಕೊಡುವವರು ಯಾರು? ಅದಕ್ಕೆ ಅಬ್ಬಾ ಒಂದು ಉಪಾಯ ಮಾಡಿದ. ಬೆಳಿಗ್ಗೆ ಹೊರಡುವಾಗ ಹೊಸ್ತಿಲ ಬಳಿ ಕಾಕಾನ ಅಂಗೈಗೆ ಒಂದು ಲವಂಗ. ಅದನ್ನು ಅಗಿಯಬಾರದು, ಉಗುಳಬಾರದು, ಮುಂದಿನ ಹಲ್ಲುಗಳ ನಡುವೆ ಹಿಡಿದು ತುಟಿ ಮುಚ್ಚಿರಬೇಕು. ಸಂಜೆ ಮನೆ ಸೇರಿದ ಮೇಲೆಯೇ ಬಾಯಿ ತೆರೆಯಬೇಕು. ಹದಿನೈದು ವರ್ಷ ಕಾಕಾ ಹಾಗೆಯೇ ನಡೆದ. "ಅಹಮದಸಾಬನ ತಮ್ಮ ಭಾಳ ಸಂಭಾವಿತ, ಬಾಯಾಗ ಮಾತ ಇಲ್ಲ" ಎಂದು ಜನ ಹೊಗಳಿದರೆ ಅಬ್ಬಾನ ಎದೆ ಉಬ್ಬುತ್ತಿತ್ತು. ನಮ್ಮ ಅಮ್ಮಿ ಹಾಜರಾಬಿ ಡಬ್ಬಿಯಲ್ಲಿ ಲವಂಗ ಖಾಲಿಯಾಗದಂತೆ ನೋಡಿಕೊಳ್ಳುತ್ತಿದ್ದಳು. ಅದು ಔಷಧವೆಂದೇ ನಾವೆಲ್ಲ ನಂಬಿದ್ದೆವು. ನಾನೂ ನಂಬಿದ್ದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

೧೯೩೮ರ ಮಳೆಗಾಲದಲ್ಲಿ ಅಬ್ಬಾನ ದನಿ ಹೋಯಿತು. ತವರ ಹಿಡಿಯಲೆಂದು ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿದಾಗ ಏಳುವ ಬಿಳಿ ಹೊಗೆಯನ್ನು ನಲವತ್ತು ವರ್ಷ ಕುಡಿದ ಗಂಟಲು ಅದು. ಮೊದಲು ಒಡೆಯಿತು, ಆಮೇಲೆ ಪೂರ್ತಿ ಕೂತುಬಿಟ್ಟಿತು. ಸಿವಿಲ್ ದವಾಖಾನೆಯವರು ನೋಡಿ, ಇನ್ನು ಪಿಸುಮಾತಿಗಿಂತ ಮೇಲೆ ಏರಿಸಬೇಡಿ, ಏರಿಸಿದರೆ ಇದ್ದದ್ದೂ ಹೋಗುತ್ತದೆ ಎಂದರು.

ಕೈ ಗಟ್ಟಿ ಇತ್ತು, ಕಣ್ಣು ಚೆನ್ನಾಗಿತ್ತು. ಆದರೆ ಕೂಗದ ಕಲಾಯಿಗಾರ ಬಾಗಿಲ ಮುಂದೆ ಹಾದುಹೋದರೂ ಒಳಗಿರುವ ಹೆಂಗಸರಿಗೆ ತಿಳಿಯುವುದು ಹೇಗೆ? ಅಬ್ಬಾ ಒಂದು ತಾಟು ಹಿಡಿದು ಕಡ್ಡಿಯಿಂದ ಬಡಿಯುತ್ತ ಹೋಗಿ ನೋಡಿದ. ಮೊದಲನೇ ಮನೆಯಲ್ಲೇ ಒಬ್ಬ ಮುದುಕಿ ಭಿಕ್ಷೆಗೆ ಬಂದವನೆಂದು ತಿಳಿದು ಒಂದು ಬೊಗಸೆ ಜೋಳ ತಂದು ಅವನ ತಾಟಿಗೆ ಸುರಿದಳು. ಅಬ್ಬಾ ಮನೆಗೆ ಬಂದು ಆ ಜೋಳವನ್ನು ಕೋಳಿಗೆ ಹಾಕಿ, ರುಮಾಲು ಬಿಚ್ಚಿ, ಗೋಡೆಗೆ ಒರಗಿ ಕೂತ. ಅವನು ಹಾಗೆ ಕೂತದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಎಂಟು ದಿನದ ಮೇಲೆ ಅವನೊಂದು ನಿರ್ಧಾರಕ್ಕೆ ಬಂದ. ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯಲ್ಲಿ ನನ್ನ ಅಣ್ಣ ಅಲ್ಲಾಸಾಬ ಕೆಲಸಕ್ಕಿದ್ದ. ಅಬ್ಬಾ, ಅಮ್ಮಿ ಅವನ ಮನೆಗೆ ಹೋಗುವುದು. ನಾನು ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿನಲ್ಲಿ ಓದುತ್ತಿದ್ದೆ, ನಾನು ಅಲ್ಲಿಯೇ ವಸತಿಗೆ ಸೇರುವುದು. ಅಣ್ಣನದು ಒಂದೇ ಕೋಣೆಯ ಮನೆ, ಅತ್ತಿಗೆ ಬಸುರಿ, ಅವಳಿಗೆ ಕಾಕಾ ಎಂದರೆ ಹೆದರಿಕೆ. ಆದ್ದರಿಂದ ಕಾಕಾ ಮತ್ತೆ ದವಾಖಾನೆಗೆ.

"ಎಷ್ಟ ದಿನಕ್ಕ?" ಎಂದು ಕೇಳಿದೆ.

ಅಬ್ಬಾ ತಿದಿಯನ್ನು ಎತ್ತಿ ಗೂಟಕ್ಕೆ ತೂಗುಹಾಕಿದ. ನನಗೆ ಅರ್ಥವಾಯಿತು. ಕಾಕಾನಿಗೆ ಆಗ ನಲವತ್ತೊಂದು. ಇನ್ನು ಅವನು ಇರುವಷ್ಟು ದಿನವೂ ಅಲ್ಲೇ.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಅಂದು ಅಬ್ಬಾನಿಗೆ ಬಾಯಿಗೆ ಬಂದಂತೆ ಅಂದೆ. ಅವನಿಗೆ ತಿರುಗಿ ಕೂಗಲು ದನಿಯಿಲ್ಲ ಎಂಬ ಧೈರ್ಯವೂ ಇತ್ತು, ನಾಚಿಕೆಯಾದರೂ ಹೇಳುತ್ತೇನೆ. ನೀನು ಅವನನ್ನು ತಮ್ಮನಂತೆ ಎಲ್ಲಿ ನೋಡಿದ್ದಿ, ಎತ್ತಿನಂತೆ ದುಡಿಸಿದ್ದಿ, ಈಗ ಕಟ್ಟಿಹಾಕಲು ಹೊರಟಿದ್ದಿ ಎಂದೆಲ್ಲ ಅಂದೆ. ಅಬ್ಬಾ ಕೇಳಿಸಿಕೊಂಡ. ಕೊನೆಗೆ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಪಿಸುಗುಟ್ಟಿದ: "ನಾ ಸತ್ತ ಮ್ಯಾಲ ಅವನ್ನ ಬೀದ್ಯಾಗ ಕಲ್ಲ ಒಗದು ಓಡಸ್ತಾರ. ಅದರಕಿಂತ ಇದು ಛಲೋ ಅಲ್ಲೇನ?" ಅವನ ಕಣ್ಣಲ್ಲಿ ನೀರಿತ್ತು.

ಕಾಕಾ ಅಲ್ಲೇ ಬಾಗಿಲ ಬಳಿ ಕೂತು ಚಪ್ಪಲಿಯ ಮೊಳೆ ಬಡಿದುಕೊಳ್ಳುತ್ತಿದ್ದ. ಎಲ್ಲವೂ ಅವನ ಕಿವಿಯ ಮೇಲೆ ಬಿದ್ದಿತ್ತು.

ದವಾಖಾನೆಗೆ ನಾವು ಮೂವರೂ ನಡೆದೇ ಹೋದೆವು. ಅಬ್ಬಾನ ಬಾಯಾಗಿ ನಾನು. ದೊಡ್ಡ ಡಾಕ್ಟರು ಕೋಟು ತೊಟ್ಟ ತೆಳ್ಳನೆಯ ಮನುಷ್ಯ. ಕಾಕಾನ ಹಳೆಯ ಕಾಗದಗಳನ್ನು ತರಿಸಿ, ಮುಂದಿಟ್ಟುಕೊಂಡು ಕೇಳತೊಡಗಿದರು. ಊಟ ಮಾಡುತ್ತಾನಾ? ಮಾಡುತ್ತಾನೆ ಎಂದೆ. ನಿದ್ದೆ? ಪರವಾಗಿಲ್ಲ. ಯಾರಿಗಾದರೂ ಹೊಡೆದದ್ದು? ಒಂದು ಸಲವೂ ಇಲ್ಲ. ಕೆಲಸ? ದಿನವೂ. ಪ್ರತಿ ಉತ್ತರಕ್ಕೂ ಅಬ್ಬಾ ತಲೆ ಅಲ್ಲಾಡಿಸಿ ಮುದ್ರೆ ಒತ್ತಿದ.

"ಮತ್ತ ಇಲ್ಲಿಗೆ ಯಾಕ ತಂದೀರಿ?" ಎಂದರು ಡಾಕ್ಟರು.

ಅಬ್ಬಾನ ಗಂಟಲಿನ ವಿಷಯ ಹೇಳಿದೆ. ಅವರು ಲೇಖನಿ ಕೆಳಗಿಟ್ಟು ಕಾಕಾನ ಕಡೆ ತಿರುಗಿದರು.

"ಮಕಬೂಲಸಾಬ, ನಿಮಗೇನ ಬೇಕಾಗೇದ?"

ಕಾಕಾನ ಬಾಯಲ್ಲಿ ಲವಂಗ. ಅವನು ಅಬ್ಬಾನ ಮುಖ ನೋಡಿದ. ಅಬ್ಬಾ ಕಣ್ಣಲ್ಲೇ ಅಪ್ಪಣೆ ಕೊಟ್ಟ ಮೇಲೆ ಲವಂಗವನ್ನು ಅಂಗೈಗೆ ತೆಗೆದುಕೊಂಡು, ಮುಷ್ಟಿ ಮುಚ್ಚಿ, ಹೇಳಿದ.

"ಕೂಗಬೇಕ್ರಿ."

"ಏನಂತ ಕೂಗಬೇಕು?"

"ಕಲಾಯಿ ಅಂತರಿ."

ಅಬ್ಬಾ ಹಣೆ ಬಡಿದುಕೊಂಡ. ಡಾಕ್ಟರು ಕೈಸನ್ನೆಯಿಂದ ಅವನನ್ನು ತಡೆದು, ಯಾಕೆ ಎಂದು ಕಾಕಾನನ್ನೇ ಕೇಳಿದರು.

"ಭಾಯಿ ಕೂಗುವಾಗ ಅವರು ಒಂದೀಟ ಸುಮ್ನಿರತಾರ್ರಿ. ನಾನ ಕೂಗಿದ್ರ ಇನ್ನೂ ಸುಮ್ಮನಾಗಬಹುದು ಅಂತ ನನಗ ಭಾಳ ವರ್ಷದಿಂದ ಅನಸ್ತೈತಿ."

"ಹಂಗಾರ ಇಷ್ಟ ವರ್ಷ ಯಾಕ ಕೂಗಲಿಲ್ಲ?"

ಕಾಕಾ ಮುಷ್ಟಿ ಬಿಚ್ಚಿ ತೋರಿಸಿದ. "ಬಾಯಾಗ ಇದ ಇತ್ತಲ್ರಿ."

ಡಾಕ್ಟರು ಲವಂಗವನ್ನು ನೋಡಿದರು, ಅಬ್ಬಾನನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಬೈಯುತ್ತಾರೆಂದು ನಾನು ಕಾದೆ. ಬೈಯಲಿಲ್ಲ. ಮುಂದಿನ ತಿಂಗಳು ಒಂದನೇ ತಾರೀಖಿಗೆ ಒಂದು ಹಾಸಿಗೆ ಖಾಲಿಯಾಗುತ್ತದೆ, ಅಲ್ಲಿಯವರೆಗೆ ಇನ್ನೂ ಹದಿನೈದು ದಿನವಿದೆ, ಅಷ್ಟು ದಿನ ಇವರು ಕೂಗಲಿ, ಆಮೇಲೆ ಮೂವರೂ ಬನ್ನಿ ಎಂದರು. "ಕೂಗಿದರ ರೋಗ ಹೋಗತದ ಅಂತ ನಾ ಹೇಳೂದಿಲ್ಲ" ಎಂದೂ ಸೇರಿಸಿದರು.

ದಾರಿಯುದ್ದಕ್ಕೂ ಅಬ್ಬಾ ಸಿಡಿಮಿಡಿ ಎನ್ನುತ್ತಿದ್ದ. ಪಿಸುಮಾತಲ್ಲಿ ಸಿಡಿಮಿಡಿ ಎನ್ನುವುದು ಎಷ್ಟು ಕಷ್ಟ ಎಂದು ನನಗೆ ಅವತ್ತು ತಿಳಿಯಿತು.

ದಸರಾ ರಜೆ ಇತ್ತು, ನಾನು ಮನೆಯಲ್ಲೇ ಇದ್ದೆ. ಮರುದಿನ ಬೆಳಿಗ್ಗೆ ಅಬ್ಬಾ ರೂಢಿಯಂತೆ ಲವಂಗದ ಡಬ್ಬಿಗೆ ಕೈ ಹಾಕಿದವನು ನನ್ನ ಮುಖ ನೋಡಿ ಕೈ ಹಿಂದೆ ತೆಗೆದ. ಅಣ್ಣತಮ್ಮಂದಿರು ನಮ್ಮ ಓಣಿಯ ಬಾಯಿಗೆ ಹೋಗಿ ನಿಂತರು, ನಾನು ಬಾಗಿಲಿಂದ ನೋಡುತ್ತಿದ್ದೆ. ಕಾಕಾ ಬಾಯಿ ತೆರೆದ, ಬರೀ ಗಾಳಿ ಬಂತು. ಎರಡನೇ ಸಲ ತೆರೆದ. ಈ ಸಲ ಬಂದ ದನಿಗೆ ಬೇಲಿಯ ಮೇಲಿದ್ದ ಕೋಳಿ ಕೆಳಗೆ ಬಿತ್ತು. "ಕಲಾಯೀ" ಎಂದು ಶುರುವಾದದ್ದು ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ ಉಸಿರು ಮುಗಿಯುವವರೆಗೂ ನಡೆಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. "ಏ ಹುಚ್ಚ ಕೂಗಾಕತ್ತಾನ" ಎಂದು ಒಬ್ಬಾಕೆ ಬಾಗಿಲು ಹಾಕಿಕೊಂಡಳು. ಅಬ್ಬಾ ಮೆಲ್ಲಗೆ ರಸ್ತೆ ದಾಟಿ, ತನಗೂ ಇವನಿಗೂ ಸಂಬಂಧವಿಲ್ಲ ಎಂಬಂತೆ ಆ ಬದಿಗೆ ನಡೆಯತೊಡಗಿದ. ಅಂದು ಒಂದು ಚಮಚವೂ ಸಿಗಲಿಲ್ಲ.

ಸಂಜೆ ಕಾಕಾನನ್ನು ಕೇಳಿದೆ: "ಅವರು ಸುಮ್ಮನಾದ್ರೇನು?"

"ಕೂಗುವಾಗ ಸುಮ್ನಿದ್ರು. ಉಸರ ತಗೊಳ್ಳುವಾಗ ಮತ್ತ ಬಂದ್ರು" ಎಂದ. ಆದರೆ ಆ ರಾತ್ರಿ ಅವನು ಮೂರು ರೊಟ್ಟಿ ತಿಂದ, ನಾಲ್ಕನೆಯದನ್ನು ಕೇಳಿದ. ಹದಿನೈದು ವರ್ಷದಲ್ಲಿ ಅವನು ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಅಮ್ಮಿ ನಾಲ್ಕನೇ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು.

ಮೂರನೇ ದಿನ ಅಬ್ಬಾ, ಕಾಕಾ ಸಪ್ತಾಪುರಕ್ಕೆ ಹೋದರು. ಅಲ್ಲಿ ಕಸ್ತೂರೆವ್ವ ಎಂಬ ವಿಧವೆ ಕಾಲೇಜು ಹುಡುಗರಿಗೆ ಖಾನಾವಳಿ ನಡೆಸುತ್ತಿದ್ದಳು. ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಕಾಕಾನ ಕೂಗು ಕೇಳಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳಂತೆ.

"ಏ ಮಕಬೂಲ, ನಿನಗ ದನಿ ಐತೇನೋ? ಇಷ್ಟ ವರ್ಷ ಎಲ್ಲಿ ಬಚ್ಚಿಟ್ಟಿದ್ದಿ? ಅದನ್ಯಾಕ ಅಷ್ಟ ಎಳೀತಿ, ನನ್ನ ಹಾಲ ಉಕ್ಕಿ ಹೋತು. ಸಣ್ಣಗ ಕೂಗು. ಕೂಗಿ ತೋರಸು ನೋಡೋಣು."

ಕಾಕಾ ಸಣ್ಣಗೆ ಕೂಗಿ ತೋರಿಸಿದ. ಕಸ್ತೂರೆವ್ವ ಇನ್ನೂ ಎರಡು ಸಲ ಕೂಗಿಸಿ, ಸರಿಯಾಯಿತು ಎಂದ ಮೇಲೆಯೇ ಒಂಬತ್ತು ಪಾತ್ರೆ ಹೊರಗೆ ತಂದಿಟ್ಟಳು. ಇದನ್ನು ಅಬ್ಬಾ ಮನೆಗೆ ಬಂದು ಹೇಳುವಾಗ ಅವನ ಮುಖದಲ್ಲಿ ಇದ್ದದ್ದು ಸಿಟ್ಟೋ ಸಂತೋಷವೋ ಅವನಿಗೇ ಗೊತ್ತಿರಲಿಲ್ಲ.

ಹಾಗೆಂದು ಎಲ್ಲವೂ ಸುರಳೀತ ಆಯಿತೆಂದು ತಿಳಿಯಬೇಡಿ. ಹತ್ತಿರದ ಹಳ್ಳಿ ಗರಗಕ್ಕೆ ಹೋದ ದಿನ ಆ ದನಿಗಳ ಕಾಟ ಜಾಸ್ತಿಯಾಗಿತ್ತು. ಕಾಕಾ ಕೂಗಿನ ನಡುವೆಯೇ ಅವರಿಗೂ ಉತ್ತರ ಕೊಟ್ಟ: "ಕಲಾಯೀ ಹಾಕಸ್ರೆವ್ವಾ... ಏ, ನೀ ಬಾಯಿ ಮುಚ್ಚು... ಕಲಾಯೀ." ಚರಕ ತಿರುಗಿಸುತ್ತಿದ್ದ ಹೆಂಗಸರು ಬೆಚ್ಚಿಬಿದ್ದರು, ಆಮೇಲೆ ನಕ್ಕರು, ಆಮೇಲೆ ಅವರಲ್ಲಿ ಇಬ್ಬರು ಪಾತ್ರೆ ತಂದರು. ಇನ್ನೊಂದು ದಿನ ಕಾಕಾ ಏಳಲೇ ಇಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅಬ್ಬಾ ಅಂಗಳದಲ್ಲಿ ಅತ್ತಿಂದಿತ್ತ ನಡೆದಾಡಿದ, ದವಾಖಾನೆಯೇ ಗತಿ ಎಂದ. ಮರುದಿನ ಕಾಕಾ ತಾನೇ ಎದ್ದು ಮುಖ ತೊಳೆದು ಚೀಲ ಹೆಗಲಿಗೇರಿಸಿದ. ಹೀಗೆ ಒಂದು ದಿನ ಆಸೆ, ಒಂದು ದಿನ ಹೆದರಿಕೆ. ನಾನು ಒಂದನೇ ತಾರೀಖಿಗೆ ಇನ್ನೆಷ್ಟು ದಿನ ಎಂದು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಅಬ್ಬಾನ ಬಾಯಿಂದ ಮಾತ್ರ ಕಾಕಾನನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂಬ ಒಂದು ಮಾತು ಬರಲಿಲ್ಲ.

ಕೊನೆಯ ವಾರದ ಮಂಗಳವಾರ ಸಂತೆ. ಇದ್ದಲಿ ಕೊಳ್ಳಲು ಅಬ್ಬಾ, ಕಾಕಾ ಹೊರಟಾಗ ಚೌಕಾಸಿಗೆ ಬಾಯಿ ಬೇಕೆಂದು ನನ್ನನ್ನೂ ಕರೆದುಕೊಂಡು ಹೋದರು. ದಸರೆಯ ಸಂತೆ, ಕಾಲಿಡಲು ಜಾಗವಿಲ್ಲ. ಸುತ್ತಲಿನ ಹಳ್ಳಿಗಳ ಗಾಡಿಗಳೆಲ್ಲ ಅಲ್ಲೇ ಇದ್ದವು. ಮೆಣಸಿನಕಾಯಿಯ ಘಾಟಿಗೆ ನಾನು ಒಂದು ಗಳಿಗೆ ಕಣ್ಣು ಮುಚ್ಚಿ ಸೀನಿದೆ. ಕಣ್ಣು ತೆರೆದಾಗ ಕಾಕಾ ಇರಲಿಲ್ಲ.

ಅಬ್ಬಾನ ಮುಖ ಬಿಳಿಚಿಕೊಂಡಿತು. ಅವನು ಬಾಯಿ ತೆರೆದ, ಕತ್ತಿನ ನರಗಳು ಉಬ್ಬಿದವು, ಬಂದದ್ದು ಬರೀ ಉಸಿರು. ಮತ್ತೆ ಕೂಗಲು ನೋಡಿದ, ಕೆಮ್ಮು ಬಂತು. ನನ್ನ ತೋಳು ಹಿಡಿದು ಅಲ್ಲಾಡಿಸಿ, ಕೂಗು ಎಂದು ಸನ್ನೆ ಮಾಡಿದ.

ನಾನು ಕೂಗಬಹುದಿತ್ತು. ನನ್ನ ಗಂಟಲಿಗೆ ಏನೂ ಆಗಿರಲಿಲ್ಲ. ಆದರೆ ಸುತ್ತ ಅಷ್ಟು ಜನ, ನಾನು ಬುರ್ಖಾದಲ್ಲಿದ್ದ ಹದಿನೆಂಟರ ಹುಡುಗಿ, ನಾಳೆ ಟೀಚರಾಗುವವಳು. ಎದುರಿನ ಅಂಗಡಿಯಲ್ಲಿ ನಮ್ಮ ಕಾಲೇಜಿನ ಶಿಕ್ಷಕಿಯೊಬ್ಬರು ನಿಂತಿದ್ದರು. ಸಂತೆಯ ನಡುವೆ ಹುಚ್ಚ ಕಾಕಾನ ಹೆಸರು ಹಿಡಿದು ಕೂಗಲು ನನಗೆ ನಾಚಿಕೆಯಾಯಿತು. "ಇಲ್ಲೇ ಇರತಾನ, ಹುಡಕೋಣು ಬಾ" ಎಂದು ಅಬ್ಬಾನ ಕೈ ಹಿಡಿದು ಎಳೆದೆ. ಅಬ್ಬಾ ನನ್ನನ್ನು ನೋಡಿದ ನೋಟ ಈಗಲೂ ನನಗೆ ಮರೆತಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ. ಅವನಿಗೆ ನನ್ನ ನಾಚಿಕೆಯ ಗುರುತು ಚೆನ್ನಾಗಿ ಸಿಕ್ಕಿತ್ತು.

ಆಗ ಕೇಳಿಸಿತು. ಬೆಲ್ಲದ ಅಂಗಡಿಗಳ ಆಚೆ, ಬಾವಿಕಟ್ಟೆಯ ಕಡೆಯಿಂದ.

"ಅಹಮದ ಭಾಯೀ... ಮೈಮುನಾ... ನಾ ಇಲ್ಲಿ ಅದೇನೀ..."

ಜನ ತಿರುಗಿ ನೋಡಿದರು. ಯಾರೋ ನಕ್ಕರು. "ಕಲಾಯಿ ಮಕಬೂಲ ಅಲ್ಲೇನ ಅದು?" ಎಂದು ಒಬ್ಬ ಗಾಡಿಯವ ಕೇಳಿದ. "ಹೌದು, ನಾನ ಅವನ ಅಣ್ಣ" ಎಂದು ಅಬ್ಬಾ ಪಿಸುದನಿಯಲ್ಲಿ ಹೇಳಿದ. ಯಾರಿಗೂ ಕೇಳಿಸಿರಲಿಕ್ಕಿಲ್ಲ, ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಜನರನ್ನು ಎರಡೂ ಕೈಯಿಂದ ಸರಿಸುತ್ತ ಅವನು ಮುಂದೆ ಮುಂದೆ, ನಾನು ಹಿಂದೆ.

ಕಾಕಾ ಬಾವಿಕಟ್ಟೆಯ ಮೇಲೆ ಹತ್ತಿ ನಿಂತಿದ್ದ. ನಾವು ಕಾಣಿಸಿದ ಮೇಲೂ ಇನ್ನೊಂದು ಸಲ ಕೂಗಿಯೇ ಇಳಿದ. ಅಬ್ಬಾ ಅವನ ಎರಡೂ ಕೈ ಹಿಡಿದುಕೊಂಡ, ಅಷ್ಟು ಜನರ ಮುಂದೆ ಅಳತೊಡಗಿದ. ಅಬ್ಬಾ ಅತ್ತದ್ದು ಕಂಡು ಕಾಕಾ ಗಾಬರಿಯಾದ.

"ಕೂಗಿದ್ದಕ್ಕ ಸಿಟ್ಟಾತೇನ ಭಾಯಿ?"

"ಇಲ್ಲೋ" ಎಂದ ಅಬ್ಬಾ. ಕಾಕಾನಿಗೆ ಕೇಳಲೆಂದು ಮುಖವನ್ನು ಅವನ ಕಿವಿಯ ಬಳಿ ತಂದ. "ತಪ್ಪು ನಂದು. ಹದಿನೈದ ವರ್ಷ ನನ್ನ ಮಾನಕ್ಕಂತ ನಿನ್ನ ಬಾಯಿ ಮುಚ್ಚಿಸಿದೆ. ನಿನಗ ಛಲೋ ಆಗಲಿ ಅಂತ ಅಲ್ಲ. ನನ್ನ ಮಾನಕ್ಕ."

ಕಾಕಾ ಒಂದು ಕೈ ಬಿಡಿಸಿಕೊಂಡು ಅಣ್ಣನ ರುಮಾಲು ಸರಿಮಾಡಿದ.

"ಅವರೂ ಹಂಗ ಅಂತಿದ್ರು" ಎಂದ. "ನಾ ನಂಬಿರಲಿಲ್ಲ."

ಅಂದು ಸಂತೆಯಿಂದ ಮನೆಯವರೆಗೆ ಮೂವರೂ ಒಂದೇ ಸಾಲಿನಲ್ಲಿ ನಡೆದೆವು. ಯಾರೂ ಹಿಂದಿರಲಿಲ್ಲ. ಇದ್ದಲಿ ತರುವುದು ಮರೆತೇ ಹೋಗಿತ್ತು, ಅಮ್ಮಿ ಬೈದಳು.

ಒಂದನೇ ತಾರೀಖು ದವಾಖಾನೆಗೆ ಹೋಗುವಾಗ ನಾನು ಉಬ್ಬಿಹೋಗಿದ್ದೆ. ಅಬ್ಬಾ ಮನಸ್ಸು ಬದಲಿಸಿದ್ದ. ಹುಬ್ಬಳ್ಳಿಗೆ ಹೋಗುವುದಿಲ್ಲ, ಕಾಕಾ ಮನೆಯಲ್ಲೇ ಇರುತ್ತಾನೆ, ಇದನ್ನು ಡಾಕ್ಟರಿಗೆ ನೀನೇ ಹೇಳು ಎಂದಿದ್ದ. ನಾನು ದಾರಿಯುದ್ದಕ್ಕೂ ಭಾಷಣ ತಯಾರಿ ಮಾಡಿಕೊಂಡಿದ್ದೆ. ಡಾಕ್ಟರು "ಕೂಡ್ರಿ" ಎಂದದ್ದೇ ತಡ, ಶುರು ಮಾಡಿದೆ. ಕಾಕಾ ಈಗ ಚೆನ್ನಾಗಿದ್ದಾನೆ, ನಾಲ್ಕು ರೊಟ್ಟಿ ತಿನ್ನುತ್ತಾನೆ, ಸಂತೆಯಲ್ಲಿ ಹೀಗಾಯಿತು, ಅವನಿಗೆ ಈ ಕೆಲಸವೇ ಬೇಕು, ಮನೆಯೇ ಬೇಕು, ಅವನ ಮನಸ್ಸು ನನಗೆ ಗೊತ್ತು, ಅವನಿಗೆ ಇನ್ನು ಈ ದವಾಖಾನೆಯ ಅಗತ್ಯವೇ ಇಲ್ಲ. ಡಾಕ್ಟರು ಬರೆದುಕೊಳ್ಳುತ್ತಿದ್ದರು. ನಾನು ಬರೆಸುತ್ತಲೇ ಇದ್ದೆ.

"ಮೈಮುನಾ" ಎಂದ ಕಾಕಾ.

ನಾನು ಮಾತು ನಿಲ್ಲಿಸಲಿಲ್ಲ.

"ಮೈಮುನಾ, ಒಂದೀಟ ಸುಮ್ನಿರವ್ವ. ನನ್ನ ಬಗ್ಗೆ ಕೇಳಾಕತ್ತಾರ, ನಾ ಹೇಳತೇನಿ."

ಅಬ್ಬಾನನ್ನು ಬಾಯಿಗೆ ಬಂದಂತೆ ಅಂದವಳು ನಾನು. ಡಾಕ್ಟರ ಮುಂದೆ ಕೂತು ಎರಡು ಸಲವೂ ಅವನ ಬದಲು ತಾನೇ ಉತ್ತರ ಕೊಟ್ಟು ಕಾಕಾನ ಬಾಯಿ ಮುಚ್ಚಿಸಿದವಳೂ ನಾನೇ. ನನಗೆ ತುಂಬ ನಾಚಿಕೆಯಾಯಿತು. ಈ ನಾಚಿಕೆ ಸಂತೆಯಲ್ಲಿ ಆದದ್ದಕ್ಕಿಂತ ಬೇರೆ.

ಕಾಕಾ ಮೊಣಕಾಲ ಮೇಲೆ ಕೈ ಇಟ್ಟುಕೊಂಡು ನಿಧಾನವಾಗಿ ಹೇಳಿದ. "ಅವರು ಅದಾರ್ರಿ. ಹೋಗಿಲ್ಲ. ಮುಂಜಾನಿ ಭಾಳ ಇರತಾರ. ನಡಕೋತ ಹೋದ್ರ ಕಡಿಮಿ. ಕೆಲವೊಂದ ದಿನ ನನಗ ಏಳಾಕ ಆಗೂದಿಲ್ರಿ, ಆವತ್ತ ಯಾರೂ ಎಬ್ಬಸಬಾರದು. ಭಾಯಿಗೆ ಅದು ತಿಳಿಯೂದಿಲ್ಲ, ನೀವ ಹೇಳ್ರಿ. ಮತ್ತ ಹಾಸಗಿ ಬ್ಯಾರೆಯವರಿಗೆ ಕೊಡ್ರಿ. ದವಾಖಾನಿ ಬ್ಯಾಡ ಅಂತ ಅಲ್ಲ. ಭಾಳ ಆತಂದ್ರ ನಾನ ನಡಕೋತ ಬಂದು ಕೇಳತೇನಿ. ಆವಾಗ ನಾಕ ದಿನ ಇಟಗೊಂಡು ಕಳಸ್ರಿ. ನನ್ನ ಯಾರೂ ಕರಕೊಂಡ ಬರೂದ ಬ್ಯಾಡ."

ಡಾಕ್ಟರು ನನ್ನ ಮಾತು ಬರೆದಿದ್ದ ಹಾಳೆಯನ್ನು ಪಕ್ಕಕ್ಕೆ ಸರಿಸಿದರು. ಹೊಸದೊಂದು ಹಾಳೆ ತೆಗೆದು, ಕಾಕಾನಿಂದ ಒಂದೊಂದೇ ಮಾತನ್ನು ಮತ್ತೊಮ್ಮೆ ಕೇಳಿ ಬರೆದರು. ಮುಗಿದ ಮೇಲೆ ಅದನ್ನು ಅಬ್ಬಾನ ಕಡೆ ತಳ್ಳಿ ಹೆಬ್ಬೆಟ್ಟಿನ ಮಸಿ ತೆರೆದರು. ಅಬ್ಬಾ ಕೈ ಚಾಚಲಿಲ್ಲ. ಹಾಳೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ತಮ್ಮನ ಮುಂದಕ್ಕೆ ಸರಿಸಿದ.

ಕಾಕಾ ಕಾಯಿಲೆ ಬೀಳುವ ಮುಂಚೆ ಕನ್ನಡ ಐದನೇ ಇಯತ್ತೆ ಓದಿದವನು. ನನಗೆ ಅದು ತಿಳಿದದ್ದು ಅಂದೇ. ಅವನು ಹಾಳೆಯನ್ನು ಬೆಳಕಿಗೆ ಹಿಡಿದು, ಮೊದಲ ಅಕ್ಷರದಿಂದ ಓದತೊಡಗಿದ. ಒಂದು ಕಡೆ ನಿಲ್ಲಿಸಿ, "ಇಲ್ಲಿ 'ಕೆಲವೊಂದು ದಿನ' ಅನ್ನೂದ ಬಿಟ್ಟೈತ್ರಿ" ಎಂದ. ಡಾಕ್ಟರು ತಿದ್ದಿದರು. ಕಾಕಾ ಮತ್ತೆ ಮೊದಲಿನಿಂದ ಓದಿದ. ಅವನಿಗೆ ಯಾವ ಅವಸರವೂ ಇರಲಿಲ್ಲ. ಅಬ್ಬಾ ಮತ್ತು ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆವು.